16 ಇಂಚೋ, 14 ಇಂಚೋ: ಬೊರಿವಲಿಯ ಹಾಡುಗಾರ ಬಳಗಕ್ಕೊಂದು ಬಹಿರಂಗ ಪತ್ರ

ಬೊರಿವಲಿಯ ನಮ್ಮ ಹಾಡುಗಾರ ಬಳಗದ ಎಲ್ಲ ಹಿರಿಯರಿಗೆ ಮತ್ತು ಮಕ್ಕಳಿಗೆ,

ಕಳೆದ ಭಾನುವಾರದ ಸಭೆಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಬಳಗದ ಹಣದಲ್ಲಿ ಒಂದು ಸೆಮಿ-ಹಾಲೋ ಇಲೆಕ್ಟ್ರಿಕ್ ಗಿಟಾರ್ ಕೊಳ್ಳುವುದೆಂದು ನೀವೆಲ್ಲ ತೀರ್ಮಾನಿಸಿದಾಗ ನನ್ನ ಗಂಟಲು ಕಟ್ಟಿತ್ತು. ಭಾವಗೀತೆ ಹಾಡುವವರ ನಡುವೆ ಇಲೆಕ್ಟ್ರಿಕ್ ಗಿಟಾರ್ ಹಿಡಿದು ಕೂತವನನ್ನು ಹೊರಗಿನವನ ಹಾಗೆ ನೋಡುತ್ತಿದ್ದ ಕಾಲವನ್ನು ಕಂಡವನು ನಾನು. ಅದರ ಬೆನ್ನಿಗೇ ಹಿರಿಯರೊಬ್ಬರು, "ಕೊಳ್ಳುವುದೇ ಆದರೆ ದೊಡ್ಡದನ್ನೇ ಕೊಳ್ಳೋಣ, ಸ್ಟೇಜಿನ ಮೇಲೆ ಗಂಭೀರವಾಗಿ ಕಾಣಬೇಕು, ನಾದವೂ ತುಂಬಿ ಬರುತ್ತದೆ" ಅಂದರು. ಎಲ್ಲರೂ ಹೂಂ ಅಂದಿರಿ. ಆ ಹೂಂಗೆ ನಾನು ದನಿಗೂಡಿಸಲಿಲ್ಲ. ಯಾಕೆಂದು ಹೇಳುವುದಕ್ಕೆ ಈ ಪತ್ರ.

ಇದನ್ನು ನಿಮ್ಮ ವಾಟ್ಸಾಪ್ ಗುಂಪಿಗೆ ಹಾಕದೆ ಪತ್ರಿಕೆಗೆ ಕೊಟ್ಟದ್ದಕ್ಕೆ ಕಾರಣವಿದೆ. ಮುಂಬಯಿಯಲ್ಲಿ ನಮ್ಮಂಥ ಬಳಗಗಳು ಎಷ್ಟೋ ಇವೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಕನ್ನಡದವರಿಗೆ ವೇದಿಕೆ ಕೊಟ್ಟುಕೊಂಡು ಬಂದಿದೆ. ಮಾಹಿಮ್, ಕುರ್ಲಾ, ಸಾಂತಾಕ್ರೂಜ್, ಎಲ್ಲ ಕಡೆ ನಮ್ಮವರ ಸಭಾಗೃಹಗಳಿವೆ. ಅಲ್ಲೆಲ್ಲ ಹಾಡುವವರ ಹಿಂದೆ ಈಗ ಒಬ್ಬ ಹುಡುಗನೋ ಹುಡುಗಿಯೋ ಗಿಟಾರ್ ಹಿಡಿದು ಕೂತಿರುತ್ತಾರೆ. ಅವರಿಗೆ ವಾದ್ಯ ಕೊಡಿಸುವವರು ಹಾಡುಗಾರರೋ ಅಪ್ಪ-ಅಮ್ಮಂದಿರೋ ಆಗಿರುತ್ತಾರೆ, ಗಿಟಾರ್ ನುಡಿಸುವವರಲ್ಲ. ಅವರೂ ಇದನ್ನು ಓದಲಿ.

ಮೊದಲು, ನೀವು ಆರಿಸಿದ ಜಾತಿಯ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಹಾಡಿಗೆ ಸೆಮಿ-ಹಾಲೋ, ಅಂದರೆ ನಡುವೆ ಗಟ್ಟಿ ಮರವೂ ಎರಡು ಪಕ್ಕ ಟೊಳ್ಳೂ ಇರುವ ಗಿಟಾರ್, ಒಪ್ಪುತ್ತದೆ. ಪೂರ್ತಿ ಗಟ್ಟಿ ಮರದ ಗಿಟಾರಿನ ಮೊನಚು ಇದಕ್ಕಿಲ್ಲ. ಹಾರ್ಮೋನಿಯಂ, ತಬಲಾ, ಕೊಳಲಿನ ಜೊತೆ ಇದರ ದನಿ ಬೆರೆಯುತ್ತದೆ, ಪಲ್ಲವಿಯ ಮೇಲೆ ಏರಿ ಕೂರುವುದಿಲ್ಲ. ಗಿಟಾರ್ ಕನ್ನಡ ಹಾಡಿಗೆ ಹೊರಗಿನದು ಅನ್ನುವವರಿಗೆ ಒಂದೇ ಮಾತು: ಇಳಯರಾಜ ಹೆಸರು ಮಾಡುವ ಮುಂಚೆ ನಮ್ಮ ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದವರು, ಅವರಿಗೆ ಸಹಾಯಕರಾಗಿದ್ದವರು.

ಈಗ ದೊಡ್ಡದು-ಚಿಕ್ಕದರ ವಿಷಯ. ಈ ತಪ್ಪು ತಿಳಿವಳಿಕೆ ನಮಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ತಂಬೂರಿಯಿಂದ. ಮೀರಜಿನ ತಂಬೂರಿ ನೋಡಿದವರು ನಾವು. ಗಂಡಸರ ಶ್ರುತಿಗೆ ದೊಡ್ಡ ಬುರುಡೆಯದು, ಹೆಂಗಸರ ಶ್ರುತಿಗೆ ಚಿಕ್ಕದು. ದೊಡ್ಡದಾದಷ್ಟೂ ತಂತಿ ಉದ್ದ, ಶ್ರುತಿ ಕೆಳಗೆ, ನಾದ ಆಳ. ಆ ಲೆಕ್ಕ ಅಲ್ಲಿ ಸರಿ. ಗಿಟಾರಿನಲ್ಲಿ ಅದು ನಡೆಯುವುದಿಲ್ಲ. ಗಿಬ್ಸನ್ ಕಂಪನಿಯ ಇಎಸ್-335ರ ಬಾಡಿ ಅಗಲವಾದ ಕಡೆ 16 ಇಂಚು, ಅದೇ ಕಂಪನಿಯ ಇಎಸ್-339 ಸುಮಾರು 14 ಇಂಚು. ಆದರೆ ತಂತಿಯ ಉದ್ದ ಎರಡರಲ್ಲೂ ಒಂದೇ, 24.75 ಇಂಚು. ಮೆಟ್ಟಿಲುಗಳ ನಡುವಿನ ಅಂತರ ಒಂದೇ, ಶ್ರುತಿ ಒಂದೇ, ತಂತಿ ಎಳೆದು ಗಮಕ ತೆಗೆಯುವಾಗ ಬೆರಳಿಗೆ ಬೇಕಾಗುವ ಬಲವೂ ಒಂದೇ. ಎಡಗೈಗೆ ಬಾಡಿಯ ಅಳತೆಯ ಗೊಡವೆಯೇ ಹೆಚ್ಚಿಲ್ಲ. ವ್ಯತ್ಯಾಸವನ್ನು ಹೊರಬೇಕಾದ್ದು ಬಲ ಭುಜ, ಬಲ ಮೊಣಕೈ ಮತ್ತು ಬೆನ್ನು.

ಹಾಗಾದರೆ ಆ ದೊಡ್ಡ ಹೊಟ್ಟೆ ಏಕೆ? ಅದರ ಹಿಂದಿನ ಕಥೆ ಕೇಳಿ. 1940ರ ಆಸುಪಾಸಿನಲ್ಲಿ ಅಮೆರಿಕದ ಗಿಟಾರಿಸ್ಟ್ ಲೆಸ್ ಪಾಲ್ ನಾಲ್ಕಿಂಚು ಚದರದ ಒಂದು ಪೈನ್ ತುಂಡಿಗೆ ಕತ್ತು, ಪಿಕಪ್ (ತಂತಿಯ ಕಂಪನವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಭಾಗ), ತಂತಿ ಜೋಡಿಸಿ ನುಡಿಸಿದರು. ಅದಕ್ಕೆ ದಿಮ್ಮಿ ಎಂದೇ ಹೆಸರಿಟ್ಟರು. ದನಿ ಚೆನ್ನಾಗಿತ್ತು, ಜನ ಮಾತ್ರ ಮರದ ತುಂಡು ಹಿಡಿದವನನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಒಂದು ಹಳೆ ಟೊಳ್ಳು ಗಿಟಾರನ್ನು ಉದ್ದಕ್ಕೆ ಸೀಳಿ ಎರಡು ಪಕ್ಕಕ್ಕೂ ರೆಕ್ಕೆಯ ಹಾಗೆ ಅಂಟಿಸಿಕೊಂಡು ಹೋದರು, ಅದೇ ದನಿಗೆ ಅದೇ ಜನ ಚಪ್ಪಾಳೆ ತಟ್ಟಿದರು. ಇದನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಮುಂದೆ 1958ರಲ್ಲಿ, ಟೆಡ್ ಮೆಕಾರ್ಟಿ ಗಿಬ್ಸನ್ ಕಂಪನಿಯ ಅಧ್ಯಕ್ಷರಾಗಿದ್ದಾಗ, ಮಿಷಿಗನ್ ರಾಜ್ಯದ ಕಾಲಮಜೂ ಊರಿನ ಕಾರ್ಖಾನೆಯಿಂದ ಇಎಸ್-335 ಹೊರಬಂತು. ನಡುವೆ ಮೇಪಲ್ ಮರದ ಗಟ್ಟಿ ದಿಮ್ಮಿ, ಎರಡು ಕಡೆ ಟೊಳ್ಳು ರೆಕ್ಕೆ, ದಪ್ಪ ಒಂದೂಮುಕ್ಕಾಲು ಇಂಚು ಮಾತ್ರ. ಗಟ್ಟಿ ಗಿಟಾರಿನ ಹಾಗೆ ನಾದ ನಿಲ್ಲಬೇಕು, ಟೊಳ್ಳು ಗಿಟಾರಿನ ಬಿಸುಪೂ ಇರಬೇಕು, ಊಳಿಡಬಾರದು ಎಂಬುದು ಉದ್ದೇಶ. ಅಗಲವನ್ನು ಮಾತ್ರ ಹಳೆಯ ಟೊಳ್ಳು ಗಿಟಾರುಗಳ 16 ಇಂಚಿನಲ್ಲೇ ಉಳಿಸಿಕೊಂಡರು. ಆ ಅಗಲವನ್ನು ಕಡಿಮೆ ಮಾಡಿದ 339 ಬರಲು 2007ರವರೆಗೆ ಕಾಯಬೇಕಾಯಿತು, 49 ವರ್ಷ.

ಅಗಲ ಬರೀ ಶೋಕಿ ಅಂತ ನಾನು ಹೇಳುತ್ತಿಲ್ಲ. ರೆಕ್ಕೆಯೊಳಗಿನ ಗಾಳಿ ಕೆಲಸ ಮಾಡುತ್ತದೆ. ದೊಡ್ಡ ಬಾಡಿಯಲ್ಲಿ ಕೆಳ ಸ್ವರ ಸ್ವಲ್ಪ ಬಿಡುಬೀಸಾಗಿ ಬರುತ್ತದೆ, ಮೀಟಿದ ತಕ್ಷಣ ದನಿ ಹರಡಿಕೊಳ್ಳುತ್ತದೆ. ಚಿಕ್ಕದರಲ್ಲಿ ದನಿ ಬಿಗಿ, ಮಧ್ಯದ ಸ್ವರಗಳು ಮುಂದೆ ನಿಲ್ಲುತ್ತವೆ. ಒಬ್ಬನೇ ಕೂತು, ಒಳ್ಳೆಯ ಆಂಪ್ ಇಟ್ಟುಕೊಂಡು, ಕಣ್ಣು ಮುಚ್ಚಿ ನುಡಿಸಿದರೆ ಈ ಭೇದ ನನಗೆ ಕೇಳುತ್ತದೆ. ಆದರೆ ಬೊರಿವಲಿ ಪಶ್ಚಿಮದ ಪ್ರಬೋಧನ್‌ಕಾರ್ ಠಾಕ್ರೆ ನಾಟ್ಯಗೃಹದಲ್ಲಿ ನಮ್ಮ ಕಾರ್ಯಕ್ರಮ ಅಂತಿಟ್ಟುಕೊಳ್ಳಿ. ಗಿಟಾರಿನ ದನಿ ಮಿಕ್ಸರಿಗೆ ಹೋಗಿ, ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ಆರು ಕಂಠಗಳ ಕೋರಸ್ಸಿನ ಜೊತೆ ಸ್ಪೀಕರಿನಲ್ಲಿ ಬರುತ್ತದೆ. ಸೌಂಡಿನವರು ಗಿಟಾರಿನ ಕೆಳ ಸ್ವರಗಳನ್ನು ಮೊದಲೇ ಕತ್ತರಿಸಿರುತ್ತಾರೆ, ಇಲ್ಲದಿದ್ದರೆ ತಬಲಾದ ಬಾಯಾ ಮುಚ್ಚಿಹೋಗುತ್ತದೆ. ನೀವು ಎರಡು ಇಂಚಿಗೆ ಕೊಟ್ಟ ಹಣ ಅಲ್ಲಿಗೆ ಮುಗಿಯಿತು. ಹದಿನೈದನೇ ಸಾಲಿನಲ್ಲಿ ಕೂತವರಿಗೆ ಗೊತ್ತಾಗುವುದು ನುಡಿಸುವವರ ಕೈ ಸಡಿಲವಾಗಿದೆಯೋ ಬಿಗಿದಿದೆಯೋ ಅನ್ನುವುದು ಮಾತ್ರ.

ಊಳಿಡುವುದು ಅಂದೆನಲ್ಲ, ಆ ಸಂಕಟವನ್ನು ನಾನು ಉಂಡಿದ್ದೇನೆ. ಗಿಟಾರಿನ ದನಿ ಸ್ಪೀಕರಿನಿಂದ ಹೊರಟು ಮತ್ತೆ ಗಿಟಾರಿನ ಮೈಗೇ ತಗುಲುತ್ತದೆ. ಮೈ ಟೊಳ್ಳಾಗಿದ್ದರೆ ಅದು ನಡುಗುತ್ತದೆ, ಆ ನಡುಕವನ್ನು ಪಿಕಪ್ ಹಿಡಿದು ಸ್ಪೀಕರಿಗೆ ಕಳಿಸುತ್ತದೆ, ಸುತ್ತು ಬೆಳೆಯುತ್ತಲೇ ಹೋಗುತ್ತದೆ. ನಾನು ಮೊದಲು ಕೊಂಡ ಗಿಟಾರನ್ನು ಅಂಗಡಿಯವರು ಸೆಮಿ-ಹಾಲೋ ಅಂತಲೇ ಕೊಟ್ಟಿದ್ದರು. ಒಳಗೆ ದಿಮ್ಮಿಯೇ ಇರಲಿಲ್ಲ, ಪೂರ್ತಿ ಟೊಳ್ಳು. ನೋಡಲು ಎರಡೂ ಒಂದೇ ಥರ, ಅಗಲವೂ ಒಂದೇ. ಆ ವರ್ಷ ಗಣೇಶೋತ್ಸವದ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ, ಜಾಗ ಇಕ್ಕಟ್ಟು, ಮಾನಿಟರ್ ಸ್ಪೀಕರ್ ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ. ಹಾಡುವ ಹುಡುಗಿ ತುಂಬ ನಿಧಾನದ ಒಂದು ಹಾಡಿನ ಚರಣಕ್ಕೆ ಬಂದಿದ್ದಳು. ನಾನು ಕೆಳಗಿನ ತಂತಿಯ ಮೇಲೆ ಒಂದು ಸ್ವರ ನಿಲ್ಲಿಸಿದೆ. ಅದು ನಿಲ್ಲಲೇ ಇಲ್ಲ. ಊಂ ಎಂದು ಏರುತ್ತ ಏರುತ್ತ ಪೆಂಡಾಲನ್ನೆಲ್ಲ ತುಂಬಿತು. ಅಂಗೈ ಒತ್ತಿ ಹಿಡಿದರೂ ಕೇಳಲಿಲ್ಲ. ಹುಡುಗಿ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಆ ಮುಖ ಇವತ್ತಿಗೂ ಮರೆತಿಲ್ಲ. ವಿರಾಮದಲ್ಲಿ ಕೊಳಲಿನವರು ತಮ್ಮ ಕೈಕರ್ಚೀಫನ್ನೂ ಹೆಗಲ ಟವೆಲನ್ನೂ ಕೊಟ್ಟರು. ಎರಡನ್ನೂ ಎಫ್ ಆಕಾರದ ತೂತುಗಳಲ್ಲಿ ತುರುಕಿ ಕಾರ್ಯಕ್ರಮ ಮುಗಿಸಿದೆ. ಹೆಸರಾಂತ ಗಿಟಾರಿಸ್ಟ್ ಬಿ.ಬಿ. ಕಿಂಗ್ ಅಂಥವರೂ ಹೀಗೆ ಬಟ್ಟೆ ತುರುಕಿಕೊಂಡೇ ನುಡಿಸುತ್ತಿದ್ದರೆಂದೂ, 1980ರಲ್ಲಿ ಗಿಬ್ಸನ್ ಅವರಿಗಾಗಿ ಮಾಡಿದ ಲೂಸಿಲ್ ಗಿಟಾರಿಗೆ ತೂತುಗಳನ್ನೇ ಇಡಲಿಲ್ಲವೆಂದೂ ಎಷ್ಟೋ ವರ್ಷಗಳ ಮೇಲೆ ತಿಳಿದಾಗ ಮನಸ್ಸು ಸ್ವಲ್ಪ ಹಗುರಾಯಿತು.

ಅದಕ್ಕೇ ಹೇಳುವುದು, ಅಂಗಡಿಯಲ್ಲಿ ಮೊದಲ ಕೆಲಸವಾಗಿ ಮೊಬೈಲಿನ ಟಾರ್ಚ್ ಹಚ್ಚಿ ಒಂದು ತೂತಿನೊಳಗೆ ಬಿಡಿ. ನಡುವೆ ಮರದ ಗೋಡೆ ಕಾಣಬೇಕು, ಬೆಳಕು ಆಚೆಯ ತೂತಿನಲ್ಲಿ ಹೊಮ್ಮಬಾರದು. ಬೀಟಲ್ಸ್‌ನವರು ನುಡಿಸಿದ ಎಪಿಫೋನ್ ಕ್ಯಾಸಿನೋ 1961ರಲ್ಲಿ ಬಂದದ್ದು. ಬಹಳ ಸೊಗಸಾದ ವಾದ್ಯ, ತೂಕವೂ ಕಡಿಮೆ. ಅದು ಮಾತ್ರ ಪೂರ್ತಿ ಟೊಳ್ಳು. ಮನೆಗೆ, ರೆಕಾರ್ಡಿಂಗಿಗೆ ಅದಕ್ಕೆ ಕೈಮುಗಿಯುತ್ತೇನೆ. ನಮ್ಮ ಇಕ್ಕಟ್ಟಿನ ಸ್ಟೇಜುಗಳಿಗೆ ಬೇಡ.

ಈಗ ಬಹುಮುಖ್ಯ ಮಾತು. ಈ ಗಿಟಾರನ್ನು ನುಡಿಸುವವರು ಯಾರು? ಬಳಗದಲ್ಲಿ ನಾಲ್ವರು. ಬ್ಯಾಂಕಿನ ಕೆಲಸದಲ್ಲಿರುವ ಒಬ್ಬರು, ಇಬ್ಬರು ಕಾಲೇಜು ಹುಡುಗರು, ಮತ್ತೆ ಹತ್ತನೇ ಕ್ಲಾಸಿನ ಹುಡುಗಿ. ಸಭೆಯಲ್ಲಿ ಅವಳು ಕೊನೆಯ ಕುರ್ಚಿಯಲ್ಲಿದ್ದಳು. ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ. ವಾರದಲ್ಲಿ ಐದು ದಿನ ನನ್ನ ಮನೆಗೆ ಬಂದು ಅಭ್ಯಾಸ ಮಾಡುವವಳು ಅವಳೊಬ್ಬಳೇ. ಗಿಟಾರ್ ಬಂದ ಮೇಲೆ ಹೆಚ್ಚು ಹೊತ್ತು ಅದು ಇರುವುದು ಅವಳ ತೊಡೆಯ ಮೇಲೆಯೇ.

ನಿನ್ನೆ ಸಂಜೆ ಒಂದು ಕೆಲಸ ಮಾಡಿದೆ. ನಮ್ಮ ಬಿಲ್ಡಿಂಗಿನಲ್ಲಿ ಯಾರೋ ಹೊಸ ಫ್ರಿಜ್ ತಂದು ಅದರ ರಟ್ಟಿನ ಡಬ್ಬವನ್ನು ಜಿನೆಯ ಕೆಳಗೆ ಇಟ್ಟಿದ್ದರು. ಅದನ್ನು ತಂದು ಎರಡು ಆಕಾರ ಬರೆದೆ, ಒಂದು 16 ಇಂಚಿನದು, ಇನ್ನೊಂದು 14ರದು. ದಪ್ಪ ಬರಲೆಂದು ಮೂರು ಮೂರು ಪದರ ಅಂಟಿಸಿ, ಕತ್ತಿನ ಜಾಗಕ್ಕೆ ಮರದ ಪಟ್ಟಿ ಕಟ್ಟಿದೆ. ತಂತಿ ಬರುವಲ್ಲಿ ಸ್ಕೆಚ್ ಪೆನ್ನಿನಿಂದ ಆರು ಗೆರೆ. ಹುಡುಗಿ ಬಂದಾಗ ಮೊದಲು ದೊಡ್ಡದನ್ನು ಕೊಟ್ಟೆ. ಕೂತು ಬಲಗೈಯನ್ನು ಅದರ ಮೇಲಿಂದ ತಂದಳು. ಭುಜ ಕಿವಿಯ ಹತ್ತಿರಕ್ಕೆ ಏರಿತು. ಮೊಣಕೈ ಅಂಚಿನ ಮೇಲೆ ಕೂರದೆ ಗಾಳಿಯಲ್ಲಿ ನಿಂತಿತು, ಮಣಿಕಟ್ಟು ಕೊಕ್ಕೆಯ ಹಾಗೆ ಬಾಗಿ ಬೆರಳು ಗೆರೆ ಮುಟ್ಟಿತು. ಐದು ನಿಮಿಷ ಹಾಗೇ ಕೂರು ಅಂದೆ. ಮೂರನೇ ನಿಮಿಷಕ್ಕೆ ಅವಳ ಮೈ ಎಡಕ್ಕೆ ವಾಲಿತು, ಅದು ಅವಳಿಗೆ ಗೊತ್ತಾಗಲೂ ಇಲ್ಲ. ಆಮೇಲೆ ಚಿಕ್ಕದನ್ನು ಕೊಟ್ಟೆ. ಭುಜ ತಾನಾಗಿ ಇಳಿಯಿತು. ಮುಂಗೈ ಅಂಚಿನ ಮೇಲೆ ಒರಗಿತು. ಬೆನ್ನು ನೆಟ್ಟಗಾಯಿತು. "ಅಂಕಲ್, ಇದರಲ್ಲಿ ಉಸಿರಾಡಬಹುದು" ಅಂದಳು.

ಇದು ಹುಡುಗಿಯರಿಗೆ ಚಿಕ್ಕದು, ಹುಡುಗರಿಗೆ ದೊಡ್ಡದು ಎಂಬ ಲೆಕ್ಕವಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ರಾತ್ರಿ ಅದೇ ರಟ್ಟುಗಳನ್ನು ಬ್ಯಾಂಕಿನವರಿಗೂ ಕೊಟ್ಟೆ, ಆರಡಿ ಎತ್ತರದ ಮನುಷ್ಯ. ದೊಡ್ಡದು ಅವರಿಗೆ ಚೆನ್ನಾಗಿಯೇ ಹೊಂದಿತು. ಚಿಕ್ಕದೂ ಹೊಂದಿತು. ನಾನು ಹೇಳಬೇಕಾದ್ದು ಇಷ್ಟೇ: ಚಿಕ್ಕದು ನಾಲ್ವರಿಗೂ ಆಗುತ್ತದೆ, ದೊಡ್ಡದು ಇಬ್ಬರಿಗೆ ಆಗುತ್ತದೆ. ಹಂಚಿಕೊಂಡು ನುಡಿಸುವ ವಾದ್ಯಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿಲ್ಲ. ನಾನು ಇಪ್ಪತ್ತು ವರ್ಷ ದೊಡ್ಡ ಬಾಡಿಯನ್ನು ಅಪ್ಪಿಕೊಂಡು ಕೂತೆ. ನನ್ನ ಬಲ ಭುಜ ಪ್ರತಿ ಮಳೆಗಾಲದಲ್ಲೂ ಅದನ್ನು ನೆನಪಿಸುತ್ತದೆ. ಹದಿನೈದರ ಹರೆಯದ ಭುಜವನ್ನು ಆ ದಾರಿಗೆ ಹಚ್ಚಲು ನಾನು ಒಪ್ಪಲಾರೆ.

ಇನ್ನು ಲೋಕಲ್ ಗಾಡಿ. ನಮ್ಮ ಕಾರ್ಯಕ್ರಮ ಹೆಚ್ಚಾಗಿ ಮಾಟುಂಗಾ, ಮಾಹಿಮ್ ಕಡೆ. ಅವು ಸ್ಲೋ ಗಾಡಿ ಮಾತ್ರ ನಿಲ್ಲುವ ಸ್ಟೇಷನ್ನುಗಳು. ಬೊರಿವಲಿಯಿಂದಲೇ ಹೊರಡುವ ಸ್ಲೋ ಸಿಕ್ಕಿದರೆ ಮೂಲೆಯಲ್ಲಿ ಕೂತು ಕೇಸನ್ನು ಕಾಲ ನಡುವೆ ನಿಲ್ಲಿಸಿಕೊಳ್ಳಬಹುದು. ಬರುವಾಗ ಆ ಭಾಗ್ಯವಿಲ್ಲ. ರಾತ್ರಿ ಒಂಬತ್ತರ ಮೇಲೂ ದಾದರಿನಲ್ಲಿ ವಿರಾರ್ ಗಾಡಿ ಹತ್ತುವ ಜನ ನೋಡಿದ್ದೀರಿ. 335ರ ಗಟ್ಟಿ ಕೇಸ್ ಬಾಗಿಲಿನಲ್ಲಿ ಇನ್ನೊಬ್ಬ ಮನುಷ್ಯನ ಜಾಗ ತಿನ್ನುತ್ತದೆ. ಗಿಟಾರ್ ಮೂರೂವರೆ ಕಿಲೋದ ಆಸುಪಾಸು, ಗಟ್ಟಿ ಕೇಸ್ ಸೇರಿದರೆ ಅದರ ದುಪ್ಪಟ್ಟು ಹೊರೆ. ಚಿಕ್ಕ ಬಾಡಿಯನ್ನು ದಪ್ಪ ಸ್ಪಂಜಿನ ಬ್ಯಾಗಿನಲ್ಲಿ ಹಾಕಿ ಬೆನ್ನಿಗಲ್ಲ, ಎದೆಗೆ ಕಟ್ಟಿಕೊಂಡು ಹೋಗಬಹುದು. ಹೆಣ್ಣುಮಕ್ಕಳ ಡಬ್ಬಿಯಲ್ಲಿ ಅದನ್ನು ಮೇಲಿನ ಕಂಬಿಗಳ ಮೇಲೆ ಮಲಗಿಸಿದರೂ ಯಾರ ತಲೆಗೂ ತಾಗದು.

ಹಿರಿಯರು ಕೇಳಬಹುದು, ದೊಡ್ಡದರಲ್ಲಿ ನೀನು ಒಪ್ಪುವ ಒಳ್ಳೆಯದು ಒಂದೂ ಇಲ್ಲವೇ ಅಂತ. ಒಂದಿದೆ, ಅದು ಸಣ್ಣದಲ್ಲ. ರಾತ್ರಿ ಹತ್ತರ ಮೇಲೆ ಒಂದು ಕೋಣೆಯ ಮನೆಯಲ್ಲಿ, ಮಗ್ಗುಲಲ್ಲಿ ಅಜ್ಜಿ ಮಲಗಿರುವಾಗ, ಆಂಪ್ ಹಚ್ಚದೆ ಬರೀ ಮರದ ದನಿಯಲ್ಲಿ ಅಭ್ಯಾಸ ಮಾಡಬೇಕು. ದೊಡ್ಡ ರೆಕ್ಕೆಯ ಗಿಟಾರ್ ಆಗ ಒಂದು ತೂಕ ಹೆಚ್ಚು ಮಾತಾಡುತ್ತದೆ. ನುಡಿಸುವವರ ಕಿವಿಗೆ ಸಾಕು, ಅಜ್ಜಿಯ ನಿದ್ದೆ ಕೆಡುವುದಿಲ್ಲ. ಚಿಕ್ಕದು ಪಿಸುಗುಡುತ್ತದೆ. ಆದರೂ ಪೂರ್ತಿ ಗಟ್ಟಿ ಗಿಟಾರಿಗಿಂತ ಎಷ್ಟೋ ವಾಸಿ. ನಾನೇ ಪರೀಕ್ಷಿಸಿದ್ದೇನೆ, ಫ್ಯಾನ್ ಎರಡರಲ್ಲಿ ತಿರುಗುತ್ತಿದ್ದರೂ ಸ್ವರ ಸ್ಪಷ್ಟವಾಗಿ ಕೇಳುತ್ತದೆ.

ಮಳೆಯ ವಿಷಯದಲ್ಲಿ ಎರಡು ಅಳತೆಗೂ ಒಂದೇ ಮಾತು. ಇವುಗಳ ಮೈ ಪದರ ಪದರ ಅಂಟಿಸಿದ ಮೇಪಲ್, ಒಂದೇ ಹಲಗೆಯ ಅಕೌಸ್ಟಿಕ್ ಗಿಟಾರಿನ ಹಾಗೆ ಜೂನಿನಲ್ಲಿ ಉಬ್ಬಿ ಜನವರಿಯಲ್ಲಿ ಬಿರುಕು ಬಿಡುವ ಭಯ ಕಡಿಮೆ. ಕತ್ತು ಮಾತ್ರ ಬಾಗುತ್ತದೆ. ವರ್ಷಕ್ಕೆರಡು ಸಲ ಸೆಟಪ್ ಮಾಡಿಸಿ, ಮಳೆಗೆ ಮುಂಚೆ ಒಮ್ಮೆ, ದೀಪಾವಳಿ ಕಳೆದು ಒಮ್ಮೆ. ಇನ್ನೊಂದು ತೊಂದರೆ ಸೆಮಿ-ಹಾಲೋದಂಥ ಗಿಟಾರುಗಳಲ್ಲಿ ಹೆಚ್ಚು ಕಾಡುವಂಥದ್ದು. ಗೊರಾಯಿ ಖಾಡಿಯ ಉಪ್ಪು ಗಾಳಿಗೆ ಜಾಕ್, ವಾಲ್ಯೂಮಿನ ಗುಬುಟಿಗಳು ತುಕ್ಕು ಹಿಡಿದು ಕರಕರ ಅನ್ನುತ್ತವೆ. ಸಾಮಾನ್ಯ ಇಲೆಕ್ಟ್ರಿಕ್ ಗಿಟಾರಿನಲ್ಲಿ ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗಿನದೆಲ್ಲ ಕೈಗೆ ಸಿಗುತ್ತದೆ. ಇದರಲ್ಲಿ ಹಿಂದೆ ಮುಚ್ಚಳವಿರುವುದು ಅಪರೂಪ. ಇಡೀ ವೈರಿಂಗನ್ನು ಎಫ್ ತೂತಿನಿಂದಲೇ ಹೊರಗೆಳೆದು, ರಿಪೇರಿ ಮಾಡಿ, ದಾರ ಕಟ್ಟಿ ಒಂದೊಂದನ್ನೂ ಮತ್ತೆ ಅದರದರ ತೂತಿಗೆ ಎಳೆದುಕೊಳ್ಳಬೇಕು. ಅದಕ್ಕೆ ಕೈ ಪಳಗಿದವರೇ ಬೇಕು, ಕೂಲಿಯೂ ಹೆಚ್ಚು. ಆದ್ದರಿಂದ ನುಡಿಸಿದ ಮೇಲೆ ಕೇಸಿಗೆ, ಜೊತೆಗೆ ಎರಡು ಪೊಟ್ಟಣ ಸಿಲಿಕಾ ಜೆಲ್. ಗೋಡೆಯ ಮೊಳೆಗೆ ನೇತುಹಾಕುವ ಅಭ್ಯಾಸ ಬೊರಿವಲಿಯಲ್ಲಿ ಬೇಡ.

ಯಾವ ಕಂಪನಿ ಅಂತ ಕೇಳಿದ್ದಿರಿ. ಗಿಬ್ಸನ್ ಅಂದರೆ ಲಕ್ಷಗಳ ಮಾತು, ಬಳಗದ ಹಣಕ್ಕೆ ಅದು ಬೇಡ. ಅವರದೇ ಎಪಿಫೋನ್ ಹೆಸರಿನಲ್ಲಿ 335, 339 ಎರಡೂ ಇವೆ. ಐಬನೇಜ್ ಕಂಪನಿಯ ಆರ್ಟ್‌ಕೋರ್ ಸಾಲಿನಲ್ಲಿ ಎಎಸ್ ಅಂದರೆ ದೊಡ್ಡ ಬಾಡಿ, ಎಎಂ ಅಂದರೆ ಚಿಕ್ಕದು. ಗ್ರೆಚ್ ಕಂಪನಿಯ ಸ್ಟ್ರೀಮ್‌ಲೈನರ್‌ನಲ್ಲಿ ಸೆಂಟರ್ ಬ್ಲಾಕ್ ಅಂತಲೂ ಸೆಂಟರ್ ಬ್ಲಾಕ್ ಜೂನಿಯರ್ ಅಂತಲೂ ಇವೆ, ಜೂನಿಯರ್ ಅನ್ನುವುದು ಬಾಡಿಯ ಅಳತೆಗೆ ಇಟ್ಟ ಹೆಸರು, ಮಕ್ಕಳ ಆಟಿಕೆ ಅಂತ ಅಲ್ಲ. ನನ್ನ ಮನಸ್ಸು ಎಪಿಫೋನ್ 339 ಇಲ್ಲವೇ ಐಬನೇಜ್ ಎಎಂ ಕಡೆಗಿದೆ. ಚಿಕ್ಕದಕ್ಕೂ ಒಂದು ದೋಷವಿದೆ, ಅದನ್ನು ಮುಚ್ಚಿಡಬಾರದು. ಬಾಡಿ ಹಗುರಾದಷ್ಟೂ ಕೆಲವದರ ಕತ್ತು ಕೆಳಕ್ಕೆ ಜಾರುತ್ತದೆ. ಅಂಗಡಿಯಲ್ಲಿ ಸ್ಟ್ರಾಪ್ ಹಾಕಿ ನಿಂತು ಎರಡೂ ಕೈ ಬಿಟ್ಟು ನೋಡಿ. ಕತ್ತು ಅಲ್ಲೇ ನಿಂತರೆ ಸರಿ. ಸ್ವಲ್ಪ ಜಾರಿದರೆ ಒರಟು ಚರ್ಮದ ಅಗಲ ಸ್ಟ್ರಾಪ್ ಸಾಕು. ನೆಲದ ಕಡೆ ಬಾಗಿದರೆ ಎಷ್ಟೇ ಚಂದವಿದ್ದರೂ ಆ ಒಂದನ್ನು ಬಿಟ್ಟು ಅದೇ ಮಾಡೆಲಿನ ಇನ್ನೊಂದನ್ನು ಕೇಳಿ. ಮರ, ಒಂದರ ಹಾಗೆ ಇನ್ನೊಂದಿರುವುದಿಲ್ಲ. ಮನೆಯಲ್ಲಿ ಕೂತು ಫೋನಿನಲ್ಲಿ ತರಿಸಬೇಡಿ ಅನ್ನುವುದೂ ಇದಕ್ಕೇ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎರಡು ರಟ್ಟುಗಳನ್ನೂ ಅಭ್ಯಾಸದ ಕೋಣೆಗೆ ತರುತ್ತೇನೆ. ದೊಡ್ಡದನ್ನೇ ಕೊಳ್ಳಬೇಕೆಂದ ಹಿರಿಯರು ದಯವಿಟ್ಟು ಬರಬೇಕು. ಅವರು ಹಾರ್ಮೋನಿಯಂ ನುಡಿಸುವವರು, ಕೈ ಎಲ್ಲಿ ಬಿಗಿಯುತ್ತದೆ ಎಂಬುದು ಅವರಿಗೆ ನನಗಿಂತ ಬೇಗ ಕಾಣುತ್ತದೆ. ಹುಡುಗಿ ಎರಡನ್ನೂ ಹಿಡಿದು ಕೂರುತ್ತಾಳೆ, ಅವರು ಅವಳ ಬಲ ಭುಜವನ್ನಷ್ಟೇ ನೋಡಲಿ. ನೋಡಿದ ಮೇಲೂ 16 ಇಂಚೇ ಸರಿ ಅಂದರೆ ನಾನು ಮರುಮಾತಿಲ್ಲದೆ ಅದಕ್ಕೇ ಸಹಿ ಹಾಕುತ್ತೇನೆ. ಅದರ ಮುಂದಿನ ಶನಿವಾರ ಎಲ್ಲರೂ ಮರೀನ್ ಲೈನ್ಸ್‌ನಲ್ಲಿ ಇಳಿದು ಧೋಬಿ ತಲಾವ್ ಕಡೆ ನಡೆಯೋಣ. 1865ರಲ್ಲಿ ಶುರುವಾದ ಫುರ್ಟಾಡೋಸ್ ಅಲ್ಲಿದೆ, ನಾಲ್ಕು ಗಿಟಾರ್ ಹಿಡಿದು ನೋಡಲು ಅಡ್ಡಿಯಿಲ್ಲ. ಮೊಬೈಲ್ ಚಾರ್ಜ್ ಮಾಡಿಕೊಂಡು ಬನ್ನಿ, ಟಾರ್ಚ್ ಬೇಕಾಗುತ್ತದೆ. ಹುಡುಗಿಯ ಅಮ್ಮನಿಗೆ ನಾನು ಫೋನ್ ಮಾಡಿ ಹೇಳಿದ್ದೇನೆ, ಆ ದಿನ ಟ್ಯೂಷನ್ ಬಿಡಿಸುತ್ತಾರಂತೆ.

ಪ್ರೀತಿಯಿಂದ,
ನಿಮ್ಮ ಬಳಗದ ಹಳೆಯ ಗಿಟಾರಿನವ
ಬೊರಿವಲಿ ಪಶ್ಚಿಮ